ಘಟ್ಟದ ಆಚೆ ಬಾಂಬು, ಘಟ್ಟದ ಈಚೆ ಉಪವಾಸ

(ಜೊಯಿಡಾದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ನಿನ್ನೆ ರಾತ್ರಿ ಊಟ ಮುಗಿದು ಎಲ್ಲರೂ ಚಾಪೆ ಹಾಸಿಕೊಳ್ಳೋ ಹೊತ್ತಿಗೆ ಪಿಯುಸಿ ಓದುವ ಒಬ್ಬ ತಮ್ಮ ನಮ್ಮ ಹತ್ತಿರ ಬಂದು ಕೂತ. ಅವನ ಊರಲ್ಲಿ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಊರಿನ ಹೆಸರು ಬೇಡ. ಅಕ್ಕನ ಮದುವೆ ದಿಬ್ಬಣ ಗುಡಿಯ ಮುಂದಿನ ಹಾದಿಯಲ್ಲಿ ಬರಬಾರದು ಅಂತ ತಡೆದರು. ಬಾರಿಸುವವರ ಹಲಗೆ ಹರಿದರು. ಬಿಡಿಸಲು ಹೋದ ಅಪ್ಪನ ಕೈ ಮುರೀತು. ಠಾಣೆಗೆ ಹೋದರೆ ಮೂರು ದಿನ "ನಾಳೆ ಬಾ" ಅಂದರು. ಆ ಹುಡುಗ ಕೇಳಿದ್ದು ಇಷ್ಟೇ:

"ಅಣ್ಣಾ, ಈ ದೇಶಕ್ಕ ಸ್ವಾತಂತ್ರ್ಯ ಉಪವಾಸ ಕೂತು ಬಂತೋ, ಬಾಂಬ್ ಒಗದು ಬಂತೋ? ಖರೇ ಹೇಳು. ಉಪವಾಸ ಕೂತೇ ಬಂದಿದ್ರ, ನಮ್ಮ ಅಜ್ಜ ಮುತ್ತಜ್ಜರೆಲ್ಲ ಉಪವಾಸಾನೇ ಇದ್ರಲ್ಲ, ನಮಗ್ಯಾಕ ಬರಲಿಲ್ಲ?"

ಶಿಬಿರ ನಡೆಸಲು ಬಂದ ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತಿನ ಭಾಷಣಕ್ಕೆ ಅಂತ ಬರೆದು ತಂದ ಹಾಳೆಗಳನ್ನು ಬದಿಗಿಟ್ಟಿದ್ದೇವೆ. ಅವನ ಪ್ರಶ್ನೆಗೇ ನಮಗೆ ತಿಳಿದಷ್ಟು ಮಾತಾಡುತ್ತೇವೆ. ತಪ್ಪಿದ್ದರೆ ಊಟದ ಹೊತ್ತಿಗೆ ಜಗಳ ಆಡೋಣ.

ಶಾಲೆಯ ಪುಸ್ತಕದಲ್ಲಿ ಇದಕ್ಕೊಂದು ಉತ್ತರ ಇದೆ. ನಮ್ಮದು ಶಾಂತಿಪ್ರಿಯ ಜನ, ಬುದ್ಧ ಹುಟ್ಟಿದ ನಾಡು, ಹಾಗಾಗಿ ಅಹಿಂಸೆಯ ದಾರಿ ಹಿಡಿದೆವು ಅಂತ. ಕೇರಿಯಲ್ಲಿ ಹುಟ್ಟಿದ ಯಾರೂ ಈ ಮಾತನ್ನು ನಂಬುವುದಿಲ್ಲ. ಈ ಜನರ ಶಾಂತ ಸ್ವಭಾವವನ್ನು ನಾವು ಬೆನ್ನ ಮೇಲೆ ಕಂಡಿದ್ದೇವೆ. ಸ್ವಭಾವದ ಮಾತು ಬಿಟ್ಟು ಬೇರೆ ಕಡೆ ಹುಡುಕಬೇಕು. ಹುಡುಕಲು ದೂರ ಹೋಗಬೇಕಿಲ್ಲ. ನಾವು ಕೂತಿರುವ ಈ ತಾಲ್ಲೂಕಿನ ಅಂಚಿಗೆ ಹೋದರೆ ಸಾಕು.

ಕ್ಯಾಸಲ್‌ರಾಕ್ ಸ್ಟೇಷನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ದೂಧಸಾಗರ ನೋಡಲು ಹೋಗುವವರು ಇಳಿಯುವ ಜಾಗ ಅಂತ ಈಗ ಅದರ ಗುರುತು. ಆದರೆ ಒಂದು ಕಾಲಕ್ಕೆ ಅಲ್ಲಿಗೆ ಒಂದು ರಾಜ್ಯ ಮುಗಿದು ಇನ್ನೊಂದು ರಾಜ್ಯ ಶುರುವಾಗುತ್ತಿತ್ತು. ಈಚೆಗೆ ಬ್ರಿಟಿಷರು, ಆಚೆಗೆ ಪೋರ್ಚುಗೀಸರು. ಸಾಮಾನು ಬಿಚ್ಚಿ ತೋರಿಸಿ, ಸುಂಕ ಕಟ್ಟಿ ದಾಟಬೇಕು. ದಾಟುತ್ತಿದ್ದ ಜನ ಮಾತ್ರ ಬೇರೆಯಲ್ಲ. ಎರಡೂ ಕಡೆ ಅದೇ ಕೊಂಕಣಿ, ಅದೇ ಕುಣಬಿ, ಅದೇ ಗಂಜಿ. ಎರಡೂ ಕಡೆಯವರಿಗೆ ಬಿಡುಗಡೆ ಬೇಕಿತ್ತು. ಆದರೂ ಘಟ್ಟದ ಈಚೆ ನಡೆದ ಚಳವಳಿ ಒಂದು ಬಗೆ, ಆಚೆ ನಡೆದದ್ದು ಇನ್ನೊಂದು ಬಗೆ.

ಈಚೆಯದನ್ನು ಮೊದಲು ನೋಡೋಣ. 1930ರ ಏಪ್ರಿಲ್ 13ರಂದು ಇದೇ ಜಿಲ್ಲೆಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟುವುದಿಲ್ಲ ಅಂತ ನಿಂತರು. ಸರ್ಕಾರ ಸುಮ್ಮನೆ ಬಿಡಲಿಲ್ಲ. ಗದ್ದೆ ತೋಟ ಜಪ್ತಿ ಮಾಡಿತು, ಎಮ್ಮೆ ದನ ಹೊಡೆದುಕೊಂಡು ಹೋಯಿತು, ಪಾತ್ರೆ ಪಡಗ ಹರಾಜು ಹಾಕಿತು. ಸುಮಾರು 800 ಕುಟುಂಬಗಳು ಭೂಮಿ ಕಳೆದುಕೊಂಡವು. ಸಿದ್ದಾಪುರದ ಕಡೆ ಹೆಂಗಸರು ಹರಾಜಿನಲ್ಲಿ ಭೂಮಿ ಹಿಡಿದವರ ಮನೆಬಾಗಿಲಿಗೇ ಹೋಗಿ ಉಪವಾಸ ಕೂತರು. ಇಷ್ಟೆಲ್ಲ ಆದರೂ ಆ ಚಳವಳಿ ಕೊಲೆಗೆ ಇಳಿಯಲಿಲ್ಲ.

ಯಾಕೆ? ಅವರು ಸಂತರು ಅಂತಲ್ಲ. ಭೂಮಿ ಹೋದರೂ ತಿರುಗಿ ಬರುವ ದಾರಿ ಅವರ ಕಣ್ಣಿಗೆ ಕಾಣುತ್ತಿತ್ತು. ಜೈಲಿಗೆ ಹೋದವನು ಆರು ತಿಂಗಳಿಗೋ ವರ್ಷಕ್ಕೋ ಮನೆಗೆ ಬರುತ್ತಿದ್ದ. ಧಾರವಾಡದಲ್ಲಿ, ಮುಂಬಯಿಯಲ್ಲಿ ವಕೀಲರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿದಾಗ ನಾವು ಸಭೆಗಳಲ್ಲಿ ಮಾರುತ್ತೇವಲ್ಲ, ಇಂಥದೇ ಸೈಕ್ಲೋಸ್ಟೈಲ್ ಹಾಳೆ ಗುಟ್ಟಾಗಿ ಹಂಚುತ್ತಿದ್ದರು. ಚುನಾವಣೆ ಅನ್ನೋದೊಂದು ಇತ್ತು, ಅರ್ಧಂಬರ್ಧವಾದರೂ ಇತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂತು. 1938ರಲ್ಲಿ ಕಾನೂನು ಮಾಡಿ ಜಪ್ತಾದ ಭೂಮಿ ವಾಪಸು ಕೊಡಿಸಿತು. ನೋಡಿ, ಬ್ರಿಟಿಷರೇನು ಒಳ್ಳೆಯವರಲ್ಲ. 1919ರಲ್ಲಿ ಜಲಿಯನ್‌ವಾಲಾಬಾಗಿನಲ್ಲಿ ಅವರ ಮುಖ ಕಂಡಿದೆ. ಆದರೆ ಅವರ ರಾಜ್ಯಭಾರಕ್ಕೆ ಒಂದು ಕಿಂಡಿ ಇತ್ತು. ಕಿಂಡಿ ಇರುವವರೆಗೆ ಜನ ಗೋಡೆ ಒಡೆಯುವುದಿಲ್ಲ.

ಈಗ ಕ್ಯಾಸಲ್‌ರಾಕ್ ದಾಟೋಣ. ಗೋವೆಯಲ್ಲಿ ಕಿಂಡಿಯೇ ಇರಲಿಲ್ಲ. ಲಿಸ್ಬನ್ನಿನಲ್ಲಿ ಸಲಾಜಾರ್ ಎಂಬ ಸರ್ವಾಧಿಕಾರಿ. ಅಪ್ಪಣೆ ಇಲ್ಲದೆ ಸಭೆ ಕೂಡುವಂತಿಲ್ಲ, ಅಧಿಕಾರಿ ನೋಡದೆ ಒಂದು ಸಾಲು ಅಚ್ಚು ಹಾಕುವಂತಿಲ್ಲ. ಲಿಸ್ಬನ್ನಿನವರಿಗೇ ಇಲ್ಲದ ಹಕ್ಕು ಗೋವೆಯವರಿಗೆ ಎಲ್ಲಿಂದ ಬರಬೇಕು? 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಮಾತಾಡಲು ನಿಂತರು. ಅಲ್ಲೇ ಹಿಡಿದರು. (ಇದೇ ಲೋಹಿಯಾ 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಲ್ಲಲು ಬಂದು ಸ್ವತಂತ್ರ ಭಾರತದ ಪೊಲೀಸರ ಕೈಲೂ ಸೆರೆ ಸಿಕ್ಕರು. ಅದು ಬೇರೆ ಕಥೆ.) ಟಿ.ಬಿ. ಕುನ್ಹಾ ಎಂಬ ಗೋವೆಯ ಮುಖಂಡರನ್ನು ಮಿಲಿಟರಿ ಕೋರ್ಟಿಗೆ ಹಾಕಿ, ಎಂಟು ವರ್ಷದ ಶಿಕ್ಷೆ ಕೊಟ್ಟು, ಸಮುದ್ರದಾಚೆ ಪೋರ್ಚುಗಲ್ಲಿನ ಕೋಟೆಯಲ್ಲಿ ಕೂಡಿಹಾಕಿದರು. ಬಾಯಿ ತೆರೆದದ್ದಕ್ಕೆ ಇಷ್ಟು. ಮಾರನೇ ವರ್ಷ, 1947ರಲ್ಲಿ, ಆಜಾದ್ ಗೋಮಂತಕ ದಳ ಹುಟ್ಟಿತು. ಪೊಲೀಸ್ ಠಾಣೆಗಳ ಮೇಲೆ ದಾಳಿ, ಬಾಂಬು, ಬಂದೂಕು. ಆ ದಳದ ಮೋಹನ ರಾನಡೆ 1955ರಲ್ಲಿ ಬೇತಿಂ ಠಾಣೆಯ ದಾಳಿಯಲ್ಲಿ ಸಿಕ್ಕಿಬಿದ್ದರು. ಗೋವೆ ಬಿಡುಗಡೆಯಾದದ್ದು 1961ರಲ್ಲಿ. ರಾನಡೆ ಪೋರ್ಚುಗಲ್ ಜೈಲಿನಿಂದ ಹೊರಬಂದದ್ದು 1969ರಲ್ಲಿ.

ಅಲ್ಲಿ ಯಾರೂ ಸತ್ಯಾಗ್ರಹ ಮಾಡಿ ನೋಡಲಿಲ್ಲವೋ ಅಂದರೆ, ಮಾಡಿದರು. 1955ರ ಆಗಸ್ಟ್ 15ರಂದು ಸಾವಿರಾರು ಜನ ಬರಿಗೈಯಲ್ಲಿ ಬಾವುಟ ಹಿಡಿದು ಗಡಿ ದಾಟಿದರು. ನಮ್ಮ ಈ ಕ್ಯಾಸಲ್‌ರಾಕ್ ಕಡೆಯಿಂದಲೂ ಹೋದರು. ಪೋರ್ಚುಗೀಸರು ಗುಂಡು ಹಾರಿಸಿದರು. 20ಕ್ಕೂ ಹೆಚ್ಚು ಜನ ಸತ್ತರು. ಆರು ವರ್ಷದ ಮೇಲೆ, 1961ರ ಡಿಸೆಂಬರ್ 18-19ರಂದು, ಸೈನ್ಯ ಕಳಿಸಿ ಗೋವೆ ಬಿಡಿಸಿದ್ದು ಬೇರೆ ಯಾರೂ ಅಲ್ಲ, ಗಾಂಧಿಯ ಶಿಷ್ಯ ನೆಹರೂನೇ.

ಒಂದೇ ಘಟ್ಟ, ಒಂದೇ ಮಾತು, ಒಂದೇ ಜನ. ಬೇರೆಯಾದದ್ದು ತಲೆಯ ಮೇಲೆ ಕೂತವನು. ಚಳವಳಿ ಯಾವ ದಾರಿ ಹಿಡಿಯುತ್ತದೆ ಅನ್ನೋದನ್ನು ಮುಕ್ಕಾಲು ಪಾಲು ತೀರ್ಮಾನ ಮಾಡುವವನು ಚಳವಳಿಗಾರ ಅಲ್ಲ, ಆಳುವವನು. ಇದು ಮೊದಲ ಮಾತು.

ಸಲಾಜಾರ್ ಕಥೆ ಗೋವೆಗೆ ಮುಗಿಯುವುದಿಲ್ಲ. ಇಲ್ಲಿ ಸಿದ್ದಿ ಗೆಳೆಯರು ಕೂತಿದ್ದೀರಿ. ನಿಮ್ಮ ಹಿರಿಯರಲ್ಲಿ ಎಷ್ಟೋ ಜನರನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು ಇದೇ ಪೋರ್ಚುಗೀಸರು. ಅವರ ಕೈ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ನೀವು. 1858-59ರಲ್ಲಿ ಇದೇ ಸೂಪಾ ಕಾಡಿನಲ್ಲಿ ಇಂಗ್ಲಿಷರ ವಿರುದ್ಧ ಎದ್ದ ದಂಗೆಯಲ್ಲಿ ಸಿದ್ದಿಗಳೂ ಇದ್ದರು. ನಿಮ್ಮ ಆ ಮೂಲ ನೆಲದಲ್ಲೂ ಇದೇ ಆಯಿತು. ಗಿನಿ-ಬಿಸಾವಿನಲ್ಲಿ 1959ರ ಆಗಸ್ಟ್ 3ರಂದು ಬಂದರಿನ ಕೂಲಿಗಳು ಪಗಾರ ಹೆಚ್ಚಿಸಿ ಅಂತ ಮುಷ್ಕರ ಹೂಡಿದರು. ಪೋರ್ಚುಗೀಸರು ಗುಂಡಿಕ್ಕಿ ಹತ್ತಾರು ಕೂಲಿಗಳನ್ನು ಕೊಂದರು. ಅಲ್ಲಿಯವರೆಗೆ ಪಟ್ಟಣದಲ್ಲಿ ಸಂಘ ಕಟ್ಟುತ್ತಿದ್ದ ಅಮಿಲ್ಕಾರ್ ಕಬ್ರಾಲ್ ಮತ್ತವರ ಗೆಳೆಯರು ಅವತ್ತಿಂದ ಹಳ್ಳಿಗೆ ಹೋಗಿ ಬಂದೂಕಿನ ತಯಾರಿ ಮಾಡಿದರು. ಅಂಗೋಲಾದಲ್ಲಿ 1961ರಲ್ಲಿ, ಮೊಜಾಂಬಿಕ್‌ನಲ್ಲಿ 1964ರಲ್ಲಿ ಯುದ್ಧ ಶುರು. ಒಬ್ಬನೇ ದೊರೆ, ಎಲ್ಲಾ ಕಡೆ ಬಂದೂಕು. ದಕ್ಷಿಣ ಆಫ್ರಿಕಾದ ಕಪ್ಪು ಜನ ಐವತ್ತು ವರ್ಷ ಅರ್ಜಿ ಬರೆದರು, ಮೆರವಣಿಗೆ ಹೋದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ 69 ಜನರನ್ನು ಕೊಂದು, ಮಾರನೇ ತಿಂಗಳು ಅವರ ಸಂಘಟನೆಗಳನ್ನೇ ನಿಷೇಧ ಮಾಡಿದರು. ಮಂಡೇಲಾ ಮತ್ತು ಸಂಗಾತಿಗಳು ಮೊದಲ ಬಾಂಬು ಸಿಡಿಸಿದ್ದು 1961ರ ಡಿಸೆಂಬರ್ 16ಕ್ಕೆ. ಗೋವೆಗೆ ಸೈನ್ಯ ನುಗ್ಗುವ ಎರಡು ದಿನ ಮೊದಲು.

ಆದರೆ ಇಲ್ಲೊಂದು ತೊಡಕಿದೆ. ನಮ್ಮಲ್ಲೇ ಒಬ್ಬರು ಬೆಳಿಗ್ಗೆ ತಕರಾರು ತೆಗೆದರು. ಅಂಕೋಲೆಯಲ್ಲಿ ಉಪ್ಪು ಹೆಕ್ಕಿದ ಐದೇ ದಿನಕ್ಕೆ, 1930ರ ಏಪ್ರಿಲ್ 18ರಂದು, ಬಂಗಾಳದ ಚಿತ್ತಗಾಂಗಿನಲ್ಲಿ ಸೂರ್ಯ ಸೇನ್ ಮತ್ತು ಹುಡುಗರು ಸರ್ಕಾರದ ಶಸ್ತ್ರಾಗಾರ ಲೂಟಿ ಮಾಡಿದರು. ಅದೇ ಬ್ರಿಟಿಷರು, ಅದೇ ತಿಂಗಳು, ಅದೇ ಸ್ವರಾಜ್ಯ. ನಿಮ್ಮ ಕಿಂಡಿಯ ಮಾತು ಇಲ್ಲಿ ನಿಲ್ಲೋದಿಲ್ಲವಲ್ಲ ಅಂದರು. ಸರಿಯಾದ ತಕರಾರು. ನಮಗೆ ತೋಚಿದ್ದು ಹೀಗೆ. ಬಂಗಾಳದಲ್ಲಿ ಸ್ವದೇಶಿ ಚಳವಳಿಯ ಕಾಲದಿಂದಲೂ ಗುಪ್ತ ಸಂಘಗಳಿದ್ದವು, ವಿಚಾರಣೆಯಿಲ್ಲದೆ ಹುಡುಗರನ್ನು ವರ್ಷಗಟ್ಟಲೆ ಕೂಡಿಹಾಕುತ್ತಿದ್ದರು. ಓದಿದ ಹುಡುಗರು, ಬಹುಪಾಲು ಭದ್ರಲೋಕದ ಮನೆಯವರು, ಅವರ ಹಿಂದೆ ರೈತರಿಲ್ಲ, ಕೂಲಿಗಳಿಲ್ಲ. ಹತ್ತಿಪ್ಪತ್ತು ಜನ ಗುಟ್ಟಾಗಿ ಕೂತಾಗ ಅವರ ಕೈಲಿ ಆಗುವ ಕೆಲಸ ಒಂದೇ, ಪಿಸ್ತೂಲು. ಅದೇ ಅಂಕೋಲೆಯಲ್ಲಿ ಊರಿಗೆ ಊರೇ ಇತ್ತು. ಮುದುಕರು, ಬಾಣಂತಿಯರು, ಕಟ್ಟಿದ ಎಮ್ಮೆ, ನಾಟಿಗೆ ಬಂದ ಗದ್ದೆ. ಇಷ್ಟೆಲ್ಲ ಬೆನ್ನಿಗೆ ಕಟ್ಟಿಕೊಂಡ ಚಳವಳಿ ಗುಟ್ಟಾಗಿ ನಡೆಯಲಾರದು, ಓಡಿ ಕಾಡು ಸೇರಲಾರದು. ಕೂತಲ್ಲೇ ಕೂತು ಗೆಲ್ಲುವ ದಾರಿಯನ್ನೇ ಅದು ಹುಡುಕಬೇಕು. ಹುಡುಗ ಕೈಯೆತ್ತಿದರೆ ಹಿಡಿದು ಕೂರಿಸುವ ಹಿರಿಯ ಪ್ರತಿ ಊರಲ್ಲೂ ಇರಬೇಕು.

ಆ ಹಿರಿಯರನ್ನು ಎತ್ತಿಕೊಂಡು ಹೋದರೆ ಏನಾಗುತ್ತದೆ? 1942ರಲ್ಲಿ ಅದೂ ಆಯಿತು. ಆಗಸ್ಟ್ 9ರ ಬೆಳಗಾಗುವುದರೊಳಗೆ ಕಾಂಗ್ರೆಸ್ಸಿನ ನಾಯಕರನ್ನೆಲ್ಲ ಜೈಲಿಗೆ ತುಂಬಿದರು. ನಮ್ಮ ಹಾವೇರಿ, ಧಾರವಾಡ, ಬೆಳಗಾವಿ ಕಡೆ ಚಾವಡಿ ಸುಟ್ಟರು, ತಂತಿ ಕತ್ತರಿಸಿದರು, ಟಪಾಲು ಚೀಲ ಕಸಿದರು. ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಜನರ ಕೈಲಿ ಸತ್ತರು, 1943ರಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನ ಹೆಸರು ಕೇಳಿದ್ದೀರಿ. 1930ರಲ್ಲಿ ಗಾಂಧಿ ದಂಡಿಗೆ ಹೊರಟಾಗ ಜೊತೆಗಿದ್ದ 78 ಜನರಲ್ಲಿ ಈತ ಕನ್ನಡದವನು, ಇನ್ನೂ ಹರೆಯದ ಹುಡುಗ. ಹದಿಮೂರು ವರ್ಷದ ಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ಕಸಿಯಲು ಹೋಗಿ ಪೊಲೀಸರ ಗುಂಡಿಗೆ ಬಿದ್ದ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ದಂಡಿಗೆ ನಡೆದ ಕಾಲೂ ಅವನದೇ, ಹೊಸರಿತ್ತಿಗೆ ನಡೆದ ಕಾಲೂ ಅವನದೇ. ಮನುಷ್ಯ ಬದಲಾಗಲಿಲ್ಲ, ಸುತ್ತಲ ಗೋಡೆ ಬದಲಾಯಿತು.

ಮುಂಡಗೋಡದವರು ಇನ್ನೊಂದು ಕಥೆಯನ್ನು ದಿನಾ ಬಸ್ಸಿನಲ್ಲಿ ನೋಡುತ್ತೀರಿ. 1966ರಿಂದ ಅಲ್ಲಿ ಟಿಬೆಟಿನವರ ಕ್ಯಾಂಪಿದೆ. ಕೆಂಪು ಬಟ್ಟೆಯ ಸನ್ಯಾಸಿಗಳನ್ನು ನೋಡಿ ಇವರು ಹುಟ್ಟಾ ಅಹಿಂಸಾವಾದಿಗಳು ಅಂದುಕೊಂಡಿದ್ದೇವೆ. ಹಾಗೇನಿಲ್ಲ. 1956ರಿಂದ ಅವರ ಖಾಂಪಾಗಳು ಚೀನಾದ ವಿರುದ್ಧ ಬಂದೂಕು ಹಿಡಿದು ಹೋರಾಡಿದರು, ಆಮೇಲೆ ನೇಪಾಳದ ಮುಸ್ತಾಂಗಿನಲ್ಲಿ ನೆಲೆ ಮಾಡಿದರು. ಅಮೆರಿಕ ಗುಟ್ಟಾಗಿ ಕೊಡುತ್ತಿದ್ದ ದುಡ್ಡು, ಮದ್ದುಗುಂಡು ನಿಲ್ಲಿಸಿತು. 1974ರಲ್ಲಿ ದಲೈ ಲಾಮಾ ತಮ್ಮ ದನಿಯ ಟೇಪು ಕಳಿಸಿ ಶಸ್ತ್ರ ಕೆಳಗಿಡಿ ಅಂದರು. ಇಟ್ಟರು. ಇಡಲಾರದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಎಲ್ಲರೂ ಒಪ್ಪುವ ಒಂದು ದನಿ ಇದ್ದರೆ ಬಂದೂಕು ಹಿಡಿದವನೂ ನಿಲ್ಲುತ್ತಾನೆ ಅನ್ನೋದು ಇಲ್ಲಿ ಕಾಣುತ್ತದೆ. ಅಷ್ಟರಿಂದ ಟಿಬೆಟ್ ಸಿಗಲಿಲ್ಲ ಅನ್ನೋದೂ ಕಾಣುತ್ತದೆ.

ಇಷ್ಟು ದೊಡ್ಡವರ ಕಥೆ. ಇನ್ನು ನಮ್ಮದು.

ಅಂಕೋಲೆಯ ಕಥೆಯಲ್ಲಿ ನಾವು ಎಲ್ಲಿದ್ದೆವು? ಕಂದಾಯ ಕಟ್ಟೋದಿಲ್ಲ ಅನ್ನಬೇಕಾದರೆ ಮೊದಲು ಕಟ್ಟುವಷ್ಟು ಭೂಮಿ ಇರಬೇಕು. ಜಪ್ತಾಗಲು ನಮ್ಮ ಹೆಸರಲ್ಲಿ ಏನಿತ್ತು? ಉಪ್ಪಿನ ಮಾತೂ ಅಷ್ಟೇ. ನಮ್ಮ ಕರಾವಳಿಯ ಉಪ್ಪಿನ ಆಗರಗಳಲ್ಲಿ ತಲೆತಲಾಂತರದಿಂದ ಕಾಲು ಬೇಯಿಸಿಕೊಂಡು ಉಪ್ಪು ಎಳೆದವರು ಆಗೇರರು, ನಮ್ಮ ಜನ. ಅವರು ಮಾಡಿದ್ದಕ್ಕೆ ಕೂಲಿ ಅಂದರು. ದೊಡ್ಡವರು ಒಂದು ದಿನ ಮಾಡಿದ್ದಕ್ಕೆ ಸತ್ಯಾಗ್ರಹ ಅಂದರು. ಭೂಮಿ ಕಳೆದುಕೊಂಡ ಆ 800 ಮನೆಗಳ ತ್ಯಾಗವನ್ನು ನಾವು ಸಣ್ಣದು ಮಾಡುತ್ತಿಲ್ಲ. ಅಹಿಂಸೆಯ ಆಯುಧಕ್ಕೂ ಬಂಡವಾಳ ಬೇಕು, ಆ ಬಂಡವಾಳ ನಮ್ಮ ಕೈಲಿರಲಿಲ್ಲ ಅಂತ ಹೇಳುತ್ತಿದ್ದೇವೆ. ಹಾಗಾದರೆ ನಮಗೆ ಕಲ್ಲು ಬಡಿಗೆಯೇ ಗತಿಯೋ?

ಮಹಾಡಿಗೆ ಬನ್ನಿ. 1927ರ ಮಾರ್ಚ್ 20. ಸಾರ್ವಜನಿಕ ಕೆರೆ ಎಲ್ಲರಿಗೂ ಮುಕ್ತ ಅಂತ ಮುಂಬಯಿ ಶಾಸನಸಭೆ ಆಗಲೇ ಠರಾವು ಮಾಡಿತ್ತು. ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದು ಚವದಾರ ಕೆರೆಯ ನೀರು ಕುಡಿದರು. ಬೊಗಸೆ ನೀರು. ಅಷ್ಟಕ್ಕೇ ಇವರು ಗುಡಿಗೂ ನುಗ್ಗುತ್ತಾರೆ ಅಂತ ಪುಕಾರು ಹಬ್ಬಿಸಿ, ಊಟಕ್ಕೆ ಕೂತವರ ಮೇಲೆ, ಊರಿಗೆ ಹೊರಟವರ ಮೇಲೆ ಬಡಿಗೆ ತಂದರು. ಆ ಸಭೆಗೆ ಬಂದವರಲ್ಲಿ ಪಲ್ಟನ್ನಿನಲ್ಲಿ ಬಂದೂಕು ಹಿಡಿದು ಬಂದ ಮಹಾರ ಸಿಪಾಯಿಗಳಿದ್ದರು. ಹೊಡೆಯಲು ಬಾರದವರಲ್ಲ. ಒಂದು ಮಾತಿಗೆ ಕಾಯುತ್ತಿದ್ದರು. ಬಾಬಾಸಾಹೇಬರು ಆ ಮಾತು ಹೇಳಲಿಲ್ಲ. ಪೊಲೀಸರಲ್ಲಿ ದೂರು ಕೊಡಿಸಿದರು. ಹೊಡೆದವರಲ್ಲಿ ಕೆಲವರಿಗೆ ಶಿಕ್ಷೆಯೂ ಆಯಿತು.

ಯಾಕೆ ಹೇಳಲಿಲ್ಲ? ನಮಗೆ ಅನ್ನಿಸುವುದು ಇದು. ಮಹಾಡಿನಲ್ಲಿ ಅವತ್ತು ನಮ್ಮವರು ಸಾವಿರಾರು. ಆದರೆ ಮಾರನೇ ದಿನ ಅವರವರ ಊರಿಗೆ ಹೋದರೆ ಎಷ್ಟು ಮನೆ? ಒಂದೂರಲ್ಲಿ ನಾಲ್ಕು, ಇನ್ನೊಂದರಲ್ಲಿ ಹತ್ತು. ಗೋವೆಯ ದಳಕ್ಕೆ ಏಟು ಹಾಕಿ ಓಡಿಬರಲು ಗಡಿಯೀಚೆ ಒಂದು ದೇಶವೇ ಇತ್ತು. ಕಬ್ರಾಲ್‌ಗೆ ಪಕ್ಕದ ಗಿನಿ ಇತ್ತು. ಖಾಂಪಾಗಳಿಗೆ ಮುಸ್ತಾಂಗ್ ಇತ್ತು. ನಮ್ಮ ಕೇರಿಯ ಹಿಂದೆ ಯಾವ ಗಡಿ ಇದೆ? ನಮ್ಮನ್ನು ಹೊಡೆಯುವವನ ಹೊಲದಲ್ಲೇ ನಾಳೆ ಕೂಲಿ, ಅವನ ಅಂಗಡಿಯಲ್ಲೇ ಉದ್ರಿ. ಒಂದು ಬಡಿಗೆ ಎತ್ತಿದ್ದಕ್ಕೆ ಹತ್ತು ಊರಿನ ಕೇರಿ ಉರಿಯುತ್ತದೆ. ಹೆದರಿಕೆಗೂ ಈ ಲೆಕ್ಕಕ್ಕೂ ಬಹಳ ವ್ಯತ್ಯಾಸ ಇದೆ. ಹೆದರಿದವರು ಡಿಸೆಂಬರಿನಲ್ಲಿ ತಿರುಗಿ ಮಹಾಡಿಗೆ ಬರುತ್ತಿರಲಿಲ್ಲ. ಇವರು ಬಂದರು. ಕೋರ್ಟಿನ ತಡೆಯಾಜ್ಞೆ ಇತ್ತು ಅಂತ ಕೆರೆಗೆ ಇಳಿಯಲಿಲ್ಲ, ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಒಂದು ಮನೆ ಸುಡಲಿಲ್ಲ, ಒಬ್ಬನ ತಲೆ ಒಡೆಯಲಿಲ್ಲ. ಮೇಲ್ಜಾತಿಯವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತ್ತೇ? ಕೆರೆಯ ಕೇಸು ಹೈಕೋರ್ಟಿನಲ್ಲಿ ಗೆದ್ದದ್ದು 1937ರ ಮಾರ್ಚಿನಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ. ಇದನ್ನು ಹೇಳುವಾಗ ನಮಗೂ ಸಿಟ್ಟು ಬರುತ್ತದೆ.

ನಾಡು ನುಡಿಯ ಅಭಿಮಾನ ಕೆರಳಿದಾಗ ಅದರ ಏಟು ಯಾರ ಮೇಲೆ ಬೀಳುತ್ತದೆ ಅನ್ನೋದನ್ನೂ ನೋಡಿಕೊಳ್ಳಿ. ಪರದೇಶಿ ದೊರೆ ಹೋದ ಮೇಲೂ ಬಡಿಗೆ ಹೋಗಲಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಕನ್ನಡಕ್ಕೆ ಅವಮಾನ ಆಯಿತು ಅಂತ ಎದ್ದವರು ಎಲ್ಲಿಗೆ ಬಂದರು? ಹಾಸ್ಟೆಲಿಗೆ. ನಮ್ಮಂಥ, ನಿಮ್ಮಂಥ ಹುಡುಗರ ಹತ್ತಿರ. ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟರು. ಏಟು ತಿಂದ ಹುಡುಗರು ಓದು ಬಿಡಲಿಲ್ಲ. ಅವರಲ್ಲಿ ಎಷ್ಟೋ ಜನ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1978ರ ಜುಲೈಯಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡುವ ಠರಾವು ಆಯಿತು. ಮರಾಠವಾಡಾದ ಅಸ್ಮಿತೆ ಅಂತ ಕೂಗಿ ಹಳ್ಳಿ ಹಳ್ಳಿಯಲ್ಲಿ ನಮ್ಮ ಗುಡಿಸಲು ಸುಟ್ಟರು. ಹೆಸರು ಬಂದದ್ದು 1994ರ ಜನವರಿ 14ಕ್ಕೆ, ಹದಿನಾರು ವರ್ಷದ ಮೇಲೆ. ಈ ಎರಡು ಕಡೆ ಬಡಿಗೆ ಎತ್ತಿದವರಿಗೆ ಕಿಂಡಿ ಇರಲಿಲ್ಲವೇ? ಓಟಿತ್ತು, ಪತ್ರಿಕೆ ಇತ್ತು, ಶಾಸನಸಭೆ ತುಂಬ ಅವರದೇ ಜನ ಇದ್ದರು. ಆದರೂ ಎತ್ತಿದರು, ಕೇಳುವವರಿಲ್ಲ ಅಂತ ಗೊತ್ತಿತ್ತು. ಗೋಡೆ ಮುಚ್ಚಿದ್ದಕ್ಕೆ ಬರುವ ಹಿಂಸೆ ಒಂದು, ಶಿಕ್ಷೆಯಾಗದು ಎಂಬ ಧೈರ್ಯದಿಂದ ಬರುವ ಹಿಂಸೆ ಇನ್ನೊಂದು. ನಮ್ಮ ಊರುಗಳಲ್ಲಿ ದಿನಾ ನಡೆಯುವುದು ಈ ಎರಡನೆಯದು. ಇತಿಹಾಸದ ಪುಸ್ತಕದವರು ಅದನ್ನು ರಾಜಕೀಯ ಹಿಂಸೆ ಅಂತ ಬರೆಯುವುದಿಲ್ಲ. ಊರ ಜಗಳ ಅಂತ ಬಿಡುತ್ತಾರೆ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಆಡಿದ ಭಾಷಣವನ್ನು ಎಲ್ಲರೂ ಓದಿ. ರಕ್ತದ ದಾರಿಯನ್ನಷ್ಟೇ ಅಲ್ಲ, ಸತ್ಯಾಗ್ರಹವನ್ನೂ ಇನ್ನು ಬಿಡಬೇಕು ಅಂದರು. ದಾರಿಗಳು ಮುಚ್ಚಿದ್ದಾಗ ಅದಕ್ಕೆ ಅರ್ಥ ಇತ್ತು, ಈಗ ಸಂವಿಧಾನದ ದಾರಿ ತೆರೆದಿದೆ ಎಂಬುದು ಅವರ ವಾದ. ಅದೇ ಭಾಷಣದಲ್ಲಿ ಬದುಕಿನ ಅಸಮಾನತೆಯನ್ನು ಬೇಗ ತೆಗೆಯದಿದ್ದರೆ ನೊಂದವರು ಈ ಕಟ್ಟಡವನ್ನೇ ಸಿಡಿಸಿಯಾರು ಅಂತಲೂ ಎಚ್ಚರಿಸಿದರು. ಮೊದಲನೆಯದನ್ನು ಸರ್ಕಾರದವರು ನಮಗೆ ಓದಿ ಹೇಳುತ್ತಾರೆ. ಎರಡನೆಯದನ್ನು ನಾವು ಅವರಿಗೆ ಓದಿ ಹೇಳಬೇಕು. ದಾರಿ ತೆರೆದಿದೆ ಅಂತ ಬರೆದವರು ಬಾಬಾಸಾಹೇಬರು. ಆ ದಾರಿಯಲ್ಲಿ ಹೊರಟವನನ್ನು ಠಾಣೆಯ ಮೆಟ್ಟಿಲಲ್ಲಿ ಮೂರು ದಿನ "ನಾಳೆ ಬಾ" ಅನ್ನುವವನು ಬಾಬಾಸಾಹೇಬರು ಬರೆದದ್ದನ್ನೇ ಅಳಿಸುತ್ತಿದ್ದಾನೆ.

ತಮ್ಮಾ, ನೀ ಕೇಳಿದ್ದಕ್ಕ ಉತ್ತರ ಪೂರಾ ಸಿಗಲಿಲ್ಲ ಅಂತ ಗೊತ್ತು. ಉಪವಾಸದಿಂದಲೂ ಬಂತು, ಬಾಂಬಿನಿಂದಲೂ ಬಂತು, ಎರಡನೇ ಯುದ್ಧದಲ್ಲಿ ಬ್ರಿಟಿಷರು ಸೋತು ಸುಣ್ಣವಾದದ್ದರಿಂದಲೂ ಬಂತು. ಬಡಿಗೆ ಹಿಡೀಬ್ಯಾಡ ಅಂತ ಉಪದೇಶ ಮಾಡಲು ನಾವು ಮಠದವರಲ್ಲ. ನಿಮ್ಮ ಊರಲ್ಲಿ ನಮ್ಮವು ಆರು ಮನೆ. ನೀನು ಹಾಸ್ಟೆಲಿನಲ್ಲಿರುತ್ತೀ, ಆ ಆರು ಮನೆ ರಾತ್ರಿ ಅಲ್ಲೇ ಮಲಗುತ್ತವೆ. ಅದನ್ನು ನಿನ್ನೆ ರಾತ್ರಿಯೇ ನೀನೂ ಹೇಳಿದಿ.

ನಾಲ್ಕನೇ ದಿನ ದೂರು ಬರೆದುಕೊಂಡಿದ್ದಾರೆ, ಆದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಮು ಹಾಕಿಲ್ಲ, ಬರೀ ಹೊಡೆದಾಟ ಅಂತ ಹಾಕಿದ್ದಾರೆ. ಆ ಕಲಮು ಸೇರಿಸಿ ಅಂತ ಮೇಲಧಿಕಾರಿಗೆ ಕೊಡುವ ಅರ್ಜಿ ಇವತ್ತು ಮಧ್ಯಾಹ್ನ ಇಲ್ಲೇ ಬರೆಯೋಣ. ಅಪ್ಪನ ಕೈಯ ಎಕ್ಸ್‌ರೇ, ಆಸ್ಪತ್ರೆಯ ಚೀಟಿ, ಹರಿದ ಹಲಗೆ, ಮೂರೂ ಜೋಪಾನ ಇಡಬೇಕು. ಹಲಗೆ ಬಾರಿಸುವ ಆ ಇಬ್ಬರು ಹಿರಿಯರು ಸಾಕ್ಷಿ ಹೇಳಲು ಹೆದರಿದ್ದಾರೆ, ಅವರ ಮನೆಯಲ್ಲಿ ಎರಡು ದಿನ ಯಾರಾದರೂ ಹೋಗಿ ಇರಬೇಕು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರವಾರಕ್ಕೆ ಹೊರಡುವುದು. ಒಬ್ಬಿಬ್ಬರು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬಸ್ ಚಾರ್ಜು ನಾವು ಕೂಡಿಸಿದ್ದು ಹನ್ನೊಂದು ಜನರಿಗೆ ಸಾಕು, ಇನ್ನೂ ಬರುವವರು ಊಟದ ಹೊತ್ತಿಗೆ ಹೆಸರು ಕೊಡಿ.

ಜೈಭೀಮ್.